ದೊಡ್ಡ ಮನೆ ಬಿಟ್ಟು ಚಿಕ್ಕ ಫ್ಲ್ಯಾಟಿಗೆ: ಹಿರಿಯರ ಸಮುಚ್ಚಯಗಳ ಸಾಧಕ ಬಾಧಕ

ಬೆಂಗಳೂರನ್ನು ಹಿಂದೆ ಪಿಂಚಣಿದಾರರ ಸ್ವರ್ಗ ಎಂದು ಕರೆಯುತ್ತಿದ್ದರು. ತಂಪು ಹವೆ, ನಡೆದೇ ಹೋಗಬಹುದಾದ ದೂರದಲ್ಲಿ ಮಾರುಕಟ್ಟೆ, ದೇವಸ್ಥಾನ, ಪಾರ್ಕು. ಜಯನಗರ, ರಾಜಾಜಿನಗರ, ಮಲ್ಲೇಶ್ವರ, ಮೈಸೂರಿನ ಸರಸ್ವತಿಪುರಂ, ಕುವೆಂಪುನಗರಗಳಲ್ಲಿ ಸರ್ಕಾರಿ ನೌಕರರು, ಮೇಷ್ಟ್ರುಗಳು, ಬ್ಯಾಂಕಿನವರು, ಕಾರ್ಖಾನೆಯವರು ಸಾಲ ಮಾಡಿ, ಒಡವೆ ಅಡವಿಟ್ಟು, 30×40 ಅಥವಾ 40×60ರ ಸೈಟುಗಳಲ್ಲಿ ಮನೆ ಕಟ್ಟಿದರು. ಮಕ್ಕಳಿಗೊಂದೊಂದು ಕೋಣೆ, ಮಹಡಿಯಲ್ಲಿ ಬಾಡಿಗೆಗೊಂದು ಮನೆ, ಮುಂದೆ ತುಳಸಿಕಟ್ಟೆ, ಹಿತ್ತಲಲ್ಲಿ ತೆಂಗು, ಕರಿಬೇವು. ಕಟ್ಟಿದವರ ಲೆಕ್ಕದಲ್ಲಿ ಅದು ಮೂರು ತಲೆಮಾರಿಗೆ ಸಾಕಾಗುವ ಮನೆ. ಒಂದೇ ತಲೆಮಾರಿನಲ್ಲಿ ಅದು ಖಾಲಿಯಾಯಿತು. ಮಗ ಸಿಯಾಟಲ್‌ನಲ್ಲೋ ಮೆಲ್ಬರ್ನ್‌ನಲ್ಲೋ ಇದ್ದಾನೆ, ಮಗಳು ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದಾಳೆ. ಎಪ್ಪತ್ತು ದಾಟಿದ ದಂಪತಿ ಕೆಳಗಿನ ಎರಡು ಕೋಣೆಗಳಲ್ಲಿ ದಿನ ಕಳೆಯುತ್ತಾರೆ. ಮಿಕ್ಕ ಕೋಣೆಗಳಿಗೆ ಬೀಗ.

ಇಷ್ಟು ದೊಡ್ಡ ಮನೆ ಇಬ್ಬರಿಗೆ ಏಕೆ, ಮಾರಿ ಹಿರಿಯರಿಗೆಂದೇ ಕಟ್ಟಿದ ಸಮುಚ್ಚಯದಲ್ಲಿ ಎರಡು ಕೋಣೆಯ ಫ್ಲ್ಯಾಟು ಹಿಡಿಯಬಾರದೇಕೆ ಎಂಬ ಮಾತು ಇಂಥ ಮನೆಗಳಲ್ಲಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕೆಲವರು ಅದನ್ನು ಬಿಡುಗಡೆ ಎಂದುಕೊಂಡು ಹೋಗುತ್ತಾರೆ, ಕೆಲವರು ಸೋಲು ಎಂದುಕೊಂಡು ತಡೆಯುತ್ತಾರೆ. ಎರಡಕ್ಕೂ ಕಾರಣಗಳಿವೆ. ನನ್ನ ಒಟ್ಟು ಮಾತು ಇಷ್ಟು: ಹೋಗುವುದೇ ಆದರೆ ಕೈಕಾಲು ಗಟ್ಟಿಯಿರುವಾಗ, ಇಬ್ಬರೂ ಇರುವಾಗ, ತಮ್ಮದೇ ನಿರ್ಧಾರದಿಂದ ಹೋಗಬೇಕು. ಕರಾರಿಗೆ ಸಹಿ ಹಾಕುವ ಮೊದಲು, ಇಬ್ಬರಲ್ಲೊಬ್ಬರು ಹಾಸಿಗೆ ಹಿಡಿದ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಓದಬೇಕು.

ಎಷ್ಟು ಜನರ ಪ್ರಶ್ನೆ?

2011ರ ಜನಗಣತಿಯ ಹೊತ್ತಿಗೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ ಇದ್ದರು. ಜನಸಂಖ್ಯೆಯಲ್ಲಿ ಅವರ ಪಾಲು ಶೇ 8.6, ಕರ್ನಾಟಕದಲ್ಲಿ ಅದಕ್ಕಿಂತ ಹೆಚ್ಚು, ಶೇ 9.5. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ, 2050ಕ್ಕೆ ಪ್ರತಿ ಐವರು ಭಾರತೀಯರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆ. 2017–18ರಲ್ಲಿ ನಡೆದ, ಲಾಸಿ ಎಂದೇ ಹೆಸರಾದ ವೃದ್ಧಾಪ್ಯದ ರಾಷ್ಟ್ರೀಯ ಅಧ್ಯಯನ ಇನ್ನೊಂದು ಚಿತ್ರ ಕೊಟ್ಟಿತು: ಹಿರಿಯರಲ್ಲಿ ಸುಮಾರು ಶೇ 6 ಮಂದಿ ಒಬ್ಬರೇ ಇದ್ದಾರೆ, ಮಕ್ಕಳು ಜೊತೆಯಲ್ಲಿಲ್ಲದೆ ಗಂಡಹೆಂಡತಿ ಇಬ್ಬರೇ ಇರುವವರು ಐದರಲ್ಲೊಂದು ಪಾಲು.

ಈ ಅಂಕಿಗಳನ್ನು ತಿರುಗಿಸಿ ಓದಿದರೆ, ಬಹುಪಾಲು ಹಿರಿಯರು ಈಗಲೂ ಮಕ್ಕಳ ಜೊತೆಯಲ್ಲೇ ಇದ್ದಾರೆ. ಹಿರಿಯರ ಸಮುಚ್ಚಯದ ಪ್ರಶ್ನೆ ಮುಖ್ಯವಾಗಿ ನಗರದ, ಸ್ವಂತ ಮನೆಯುಳ್ಳ, ಪಿಂಚಣಿಯೋ ಉಳಿತಾಯವೋ ಇರುವ ಮಧ್ಯಮ ವರ್ಗದ್ದು. ಆದರೂ ಅದು ಸಣ್ಣ ಪ್ರಶ್ನೆಯಲ್ಲ. ಮಕ್ಕಳನ್ನು ಓದಿಸಿ ದೂರ ಕಳುಹಿಸಿದ ವರ್ಗ ಇದೇ, ಅದಕ್ಕೆ ತೆತ್ತ ಬೆಲೆ ಏನೆಂದು ಈಗ ಅರಿಯುತ್ತಿರುವುದೂ ಇದೇ.

ನಡೆದು ಬಂದ ದಾರಿ

ಹಿರಿಯರಿಗಾಗಿಯೇ ಊರು ಕಟ್ಟುವ ಕಲ್ಪನೆ ವ್ಯಾಪಾರವಾಗಿ ಬೆಳೆದದ್ದು ಅಮೆರಿಕದಲ್ಲಿ. ಡೆಲ್ ವೆಬ್ ಎಂಬ ಬಿಲ್ಡರ್ 1960ರ ಜನವರಿ 1ರಂದು ಅರಿಜೋನಾದ ಮರುಭೂಮಿಯಲ್ಲಿ ಸನ್ ಸಿಟಿಯನ್ನು ತೆರೆದಾಗ ಮೊದಲ ವಾರಾಂತ್ಯದಲ್ಲೇ ಸುಮಾರು ಒಂದು ಲಕ್ಷ ಜನ ನೋಡಲು ಬಂದರು. ನಮ್ಮಲ್ಲಿ ಅದರ ಗಾಳಿ ಬೀಸಿದ್ದು ಈ ಶತಮಾನದಲ್ಲಿ. ಪುಣೆಯ ಅಥಶ್ರೀ, ದೆಹಲಿಗೆ ಹತ್ತಿರದ ಭಿವಾಡಿಯ ಆಶಿಯಾನಾ ಉತ್ಸವ್, ದೆಹರಾದೂನಿನ ಅಂತರಾ ಮೊದಲು ಹೆಸರು ಮಾಡಿದವುಗಳಲ್ಲಿ ಕೆಲವು. ದಕ್ಷಿಣದಲ್ಲಿ ಕೊಯಮತ್ತೂರು ದೊಡ್ಡ ಕೇಂದ್ರವಾಯಿತು. ಹವೆ, ಆಸ್ಪತ್ರೆ, ಕಡಿಮೆ ಬೆಲೆಯ ಜಾಗ ಮೂರೂ ಒಂದೆಡೆ ಸಿಕ್ಕಿದ್ದರಿಂದ ಬೆಂಗಳೂರು, ಚೆನ್ನೈಗಳ ನಿವೃತ್ತರೂ ಅಲ್ಲಿಗೆ ಹೋದರು. ಬೆಂಗಳೂರಿನಲ್ಲಿ ಕನಕಪುರ ರಸ್ತೆ, ದೇವನಹಳ್ಳಿ, ಸರ್ಜಾಪುರದ ಕಡೆ ಇಂಥ ಯೋಜನೆಗಳು ಎದ್ದಿವೆ.

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಗಾಲಿಕುರ್ಚಿ ಸರಾಗವಾಗಿ ಹಾಯುವಷ್ಟು ಅಗಲದ ಬಾಗಿಲು, ಜಾರದ ನೆಲಹಾಸು, ಬಚ್ಚಲಲ್ಲಿ ಹಿಡಿಕೆ, ಇಳಿಜಾರು ದಾರಿ, ತುರ್ತು ಕರೆಗಂಟೆ ಮುಂತಾದವು ಅದರಲ್ಲಿವೆ. ಬಿಲ್ಡರ್, ಸೇವೆ ಕೊಡುವ ಸಂಸ್ಥೆ ಮತ್ತು ಮನೆ ಪಡೆಯುವವರು ಈ ಮೂವರ ನಡುವೆ ತ್ರಿಪಕ್ಷೀಯ ಕರಾರು ಇರಬೇಕೆಂಬ ಸಲಹೆಯೂ ಇದೆ. ಮಾದರಿ ಎಂದರೆ ಕಡ್ಡಾಯವಲ್ಲ. 2024ರಲ್ಲಿ ಮಹಾರಾಷ್ಟ್ರದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಪ್ರಾಧಿಕಾರ ಈ ಬಗೆಯ ಕನಿಷ್ಠ ಮಾನದಂಡಗಳನ್ನು ನಿವೃತ್ತರ ಯೋಜನೆಗಳ ಮೇಲೆ ಕಡ್ಡಾಯ ಮಾಡಿತು. ಅದು ಸರಿಯಾದ ಹೆಜ್ಜೆ.

ಬಿಡುವುದಕ್ಕೆ ಕಾರಣ, ಇರುವುದಕ್ಕೆ ಕಾರಣ

ದೊಡ್ಡ ಮನೆ ವಯಸ್ಸಾದವರ ಮೇಲೆ ಹೊರಿಸುವ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಸಂಪಿಗೆ ಕಾವೇರಿ ನೀರು ಬಂತೇ ಎಂದು ರಾತ್ರಿ ಎದ್ದು ನೋಡಬೇಕು, ಮೋಟಾರು ಹಾಕಬೇಕು, ಆಫ್ ಮಾಡಬೇಕು. ಟ್ಯಾಂಕು ತೊಳೆಸಬೇಕು, ಮಳೆಗಾಲಕ್ಕೆ ಮುಂಚೆ ತಾರಸಿಯ ಬಿರುಕು ಮುಚ್ಚಿಸಬೇಕು, ಬಾಡಿಗೆಯವರ ನಲ್ಲಿ ರಿಪೇರಿ ಮಾಡಿಸಬೇಕು, ಆಸ್ತಿ ತೆರಿಗೆ ಕಟ್ಟಬೇಕು. ಪ್ಲಂಬರ್ ಬರುತ್ತೇನೆಂದು ಬರುವುದಿಲ್ಲ. ಎಪ್ಪತ್ತೆಂಟರ ಹಿರಿಯರು ಏಣಿ ಹತ್ತುವುದು ಹೀಗೆಯೇ. ಸುತ್ತಲಿನ ಮನೆಗಳು ಒಡೆದು ನಾಲ್ಕಂತಸ್ತು ಎದ್ದಿರುತ್ತವೆ. ಗೇಟಿನ ಬಳಿ ನಿಂತು ಮಾತಾಡುತ್ತಿದ್ದ ಹಳೆಯ ನೆರೆಯವರು ಇರುವುದಿಲ್ಲ.

ಬೀಳುವ ಭಯ ಎಲ್ಲಕ್ಕಿಂತ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 65 ದಾಟಿದವರಲ್ಲಿ ಪ್ರತಿ ವರ್ಷ ಶೇ 28ರಿಂದ 35ರಷ್ಟು ಮಂದಿ ಒಮ್ಮೆಯಾದರೂ ಬೀಳುತ್ತಾರೆ. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲಿಗೊಂದು ಮೆಟ್ಟಿಲು, ಅಡುಗೆಮನೆಗೊಂದು ಹೊಸ್ತಿಲು, ದೇವರಮನೆಗೆ ಇನ್ನೊಂದು. ಒಬ್ಬರೇ ಇದ್ದಾಗ ಬಿದ್ದರೆ, ಕೆಲಸದಾಕೆ ಬರುವವರೆಗೆ ನೆಲದ ಮೇಲೇ ಇರಬೇಕಾಗುತ್ತದೆ. ಚೆನ್ನಾಗಿ ನಡೆಯುವ ಸಮುಚ್ಚಯದಲ್ಲಿ ಹಾಸಿಗೆಯ ಪಕ್ಕದಲ್ಲಿ, ಬಚ್ಚಲಲ್ಲಿ ಕರೆಗಂಟೆ ಇರುತ್ತದೆ. ಬೆಳಿಗ್ಗೆ ತಿಂಡಿಗೆ ಬಾರದಿದ್ದರೆ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ. ಇದರ ಬೆಲೆ ದೂರದ ಮಕ್ಕಳಿಗೂ ಗೊತ್ತು.

ಇನ್ನೊಂದು ಲಾಭ ಜೊತೆ. ಹೆಂಗಸರ ಮಟ್ಟಿಗೆ ಇದು ವಿಶೇಷ. ಐವತ್ತು ವರ್ಷ ಮೂರು ಹೊತ್ತು ಅಡುಗೆ ಮಾಡಿದ ಕೈಗೆ ಊಟದ ಮನೆಯ ತಟ್ಟೆ ನಿಜವಾದ ನಿವೃತ್ತಿ ಕೊಡುತ್ತದೆ. ಗಂಡ ಕಚೇರಿಯಿಂದ ನಿವೃತ್ತನಾಗಿ ಹದಿನೈದು ವರ್ಷವಾದರೂ ಹೆಂಡತಿಗೆ ಒಲೆಯಿಂದ ನಿವೃತ್ತಿ ಇರಲಿಲ್ಲವೆಂಬುದನ್ನು ನಾವು ಗಮನಿಸಿಯೇ ಇರುವುದಿಲ್ಲ. ಭಜನೆ, ನಡಿಗೆ, ಕೇರಂ, ದಸರಾ ಗೊಂಬೆ, ಓದುಕೂಟಗಳಲ್ಲಿ ಅವರು ಗೆಳತಿಯರನ್ನು ಪಡೆಯುತ್ತಾರೆ. ಅನೇಕ ಕುಟುಂಬಗಳಲ್ಲಿ ಮೊದಲು ಒಗ್ಗಿಕೊಳ್ಳುವವರು ಅವರೇ.

ಇರುವುದಕ್ಕೂ ಅಷ್ಟೇ ಬಲವಾದ ಕಾರಣಗಳಿವೆ. ಸೊಪ್ಪಿನವಳು, ಹಾಲಿನವನು, ಹೆಸರು ಹಿಡಿದು ಮಾತಾಡಿಸುವ ಔಷಧಿ ಅಂಗಡಿಯವರು, ನಲವತ್ತು ವರ್ಷದಿಂದ ನಾಡಿ ಹಿಡಿದ ಡಾಕ್ಟರು, ಇವರೆಲ್ಲ ಸೇರಿ ಒಬ್ಬ ಹಿರಿಯರನ್ನು ಕಾಯುವ ಒಂದು ವ್ಯವಸ್ಥೆ. ಅದನ್ನು ದುಡ್ಡು ಕೊಟ್ಟು ಕೊಳ್ಳಲಾಗುವುದಿಲ್ಲ. ನೆನಪು ಮಸುಕಾಗತೊಡಗಿದವರಿಗೆ ಪರಿಚಿತ ಮನೆ ದಾರಿ ತೋರಿಸುತ್ತದೆ. ಅಂಥವರನ್ನು ಹಠಾತ್ತಾಗಿ ಬೇರೆಡೆಗೆ ಒಯ್ದರೆ ಗೊಂದಲ ಹೆಚ್ಚುತ್ತದೆ. ಊರಾಚೆಯ ಸಮುಚ್ಚಯದಿಂದ ಮದುವೆ ಮುಂಜಿಗೆ, ಸಂಗೀತ ಕಛೇರಿಗೆ ಹೋಗಿಬರುವುದು ದಿನವಿಡೀ ಕೆಲಸ. ಸುತ್ತ ಬರೀ ವಯಸ್ಸಾದವರೇ ಇದ್ದರೆ ಮಕ್ಕಳ ಗಲಾಟೆ ಕಿವಿಗೆ ಬೀಳುವುದಿಲ್ಲ, ಸಾವಿನ ಸುದ್ದಿ ಮಾತ್ರ ಪದೇ ಪದೇ ಬೀಳುತ್ತದೆ.

ಆದ್ದರಿಂದ ಹೋಗುವುದು, ಇರುವುದು ಎಂಬ ಎರಡೇ ದಾರಿ ಎಂದುಕೊಳ್ಳಬೇಕಿಲ್ಲ. ಇದ್ದ ಮನೆಯಲ್ಲೇ ಬಚ್ಚಲಿಗೆ ಹಿಡಿಕೆ, ಹೊಸ್ತಿಲಿಗೆ ಇಳಿಜಾರು, ರಾತ್ರಿ ದೀಪ ಹಾಕಿಸಿ, ಮಹಡಿಯನ್ನು ನಂಬಿಕಸ್ಥರಿಗೆ ಬಾಡಿಗೆ ಕೊಟ್ಟು, ಮನೆಗೇ ಬರುವ ನರ್ಸನ್ನು ಗೊತ್ತುಮಾಡಿಕೊಳ್ಳಬಹುದು. ಅದೇ ಬಡಾವಣೆಯಲ್ಲಿ ಲಿಫ್ಟಿರುವ ಸಾಮಾನ್ಯ ಅಪಾರ್ಟ್‌ಮೆಂಟಿಗೆ ಹೋಗಬಹುದು. ಹಳೆಯ ಅಂಗಡಿ, ಡಾಕ್ಟರು, ದೇವಸ್ಥಾನ ಹಾಗೇ ಉಳಿಯುತ್ತವೆ. ಮಗನೋ ಮಗಳೋ ಇರುವ ಊರಲ್ಲಿ, ಅವರ ಮನೆಯಲ್ಲಲ್ಲದೆ ಅವರ ಬೀದಿಯಲ್ಲಿ ಚಿಕ್ಕ ಮನೆ ಹಿಡಿಯಬಹುದು. ಈ ಮೂರನ್ನೂ ತೂಗಿ ನೋಡಿದ ಮೇಲೆ ನಾಲ್ಕನೆಯದಾಗಿ ಹಿರಿಯರ ಸಮುಚ್ಚಯ ಬರಬೇಕು.

ಕೊಳ್ಳುವುದೋ, ಲೀಸೋ, ಬಾಡಿಗೆಯೋ

ಸಮುಚ್ಚಯಗಳು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಮನೆ ಕೊಡುತ್ತವೆ. ಮೊದಲನೆಯದು ಕ್ರಯಪತ್ರದ ಮೂಲಕ ಮಾರಾಟ. ಫ್ಲ್ಯಾಟು ನಿಮ್ಮದು, ಜಮೀನಿನಲ್ಲಿ ಅವಿಭಜಿತ ಪಾಲೂ ನಿಮ್ಮದು, ಮಕ್ಕಳಿಗೆ ಹೋಗುತ್ತದೆ. ಆದರೆ ಅಲ್ಲಿ ವಾಸಿಸಲು ಇಷ್ಟು ವಯಸ್ಸಾಗಿರಬೇಕೆಂಬ ನಿಯಮ ಇರುವುದರಿಂದ, ನಲವತ್ತರ ಮಗನಿಗೆ ಅದು ಆಸ್ತಿಯೇ ಹೊರತು ಮನೆಯಲ್ಲ. ಮರುಮಾರಾಟಕ್ಕೆ ಗಿರಾಕಿಯೂ ಹಿರಿಯನೇ ಆಗಿರಬೇಕು. ಕೆಲವೆಡೆ ಸಂಸ್ಥೆಗೆ ವರ್ಗಾವಣೆ ಶುಲ್ಕವನ್ನೂ ಕೊಡಬೇಕು.

ಎರಡನೆಯದು ದೊಡ್ಡ ಠೇವಣಿ ಕೊಟ್ಟು ಪಡೆಯುವ ದೀರ್ಘ ಲೀಸು. ಬಿಟ್ಟಾಗ ಅಥವಾ ತೀರಿಕೊಂಡಾಗ ವರ್ಷಕ್ಕಿಷ್ಟು ಮುರಿದುಕೊಂಡು ಮಿಕ್ಕದ್ದನ್ನು ಹಿಂತಿರುಗಿಸುತ್ತಾರೆ. ಕೈಗೆ ಹಗುರ, ಆದರೆ ಸಂಸ್ಥೆ ಮುಳುಗಿದರೆ ಠೇವಣಿ ಕೊಟ್ಟವರು ಸಾಲಗಾರರ ಸರದಿಯಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ. ಒಂದು ವರ್ಷಕ್ಕೆ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ. ಬರೀ ಛಾಪಾಕಾಗದದ ಕರಾರಿಗೆ ಒಪ್ಪಬಾರದು. ಠೇವಣಿ ಎಷ್ಟು ದಿನದಲ್ಲಿ, ಯಾರ ಹೆಸರಿಗೆ ವಾಪಸು ಬರುತ್ತದೆ, ಫ್ಲ್ಯಾಟಿಗೆ ಹೊಸಬರು ಬರುವವರೆಗೆ ಕಾಯಬೇಕೆ ಎಂಬುದು ಬರವಣಿಗೆಯಲ್ಲಿರಬೇಕು.

ಮೂರನೆಯದು ತಿಂಗಳ ಬಾಡಿಗೆ. ದುಬಾರಿ ಎನಿಸಿದರೂ ಮೊದಲ ವರ್ಷಕ್ಕೆ ಇದೇ ಒಳ್ಳೆಯದು. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಹಬ್ಬದ ಸಾಲು ಅಲ್ಲಿ ಕಳೆದರೆ ಊಟ, ನೀರು, ನೆರೆಹೊರೆ ಎಲ್ಲ ಗೊತ್ತಾಗುತ್ತದೆ. ಅಷ್ಟು ದಿನ ಹಳೆಯ ಮನೆಯನ್ನು ಮಾರದೆ ಇಟ್ಟುಕೊಂಡರೆ ಹಿಂತಿರುಗುವ ದಾರಿ ಉಳಿದಿರುತ್ತದೆ.

ಕಟ್ಟುತ್ತಿರುವ ಯೋಜನೆಯಾದರೆ ರೇರಾ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾದ ಜಾಲತಾಣದಲ್ಲಿ ತಾಳೆ ನೋಡಬೇಕು. 2016ರ ರೇರಾ ಕಾಯ್ದೆಯಂತೆ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಖರೀದಿದಾರರಿಂದ ಬಂದ ಹಣದ ಶೇ 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ಆದರೆ ರೇರಾ ಕಟ್ಟಡದ ಕಾವಲುಗಾರ. ಬಾಡಿಗೆಯವರು ಅದರ ರಕ್ಷಣೆಯಲ್ಲಿ ಬರುವುದಿಲ್ಲ, ನರ್ಸಿನ, ಊಟದ ಗುಣಮಟ್ಟವನ್ನು ಅದು ನೋಡುವುದಿಲ್ಲ. ಸೇವಾಲೋಪಕ್ಕೆ ಗ್ರಾಹಕರ ಆಯೋಗವೇ ಗತಿ. ಹಾಗಾಗಿ ಎಪ್ಪತ್ತರ ವಯಸ್ಸಿನಲ್ಲಿ ಕಾಗದದ ಮೇಲಿನ ಯೋಜನೆಗೆ ಹಣ ಹಾಕುವುದು ಜಾಣತನವಲ್ಲ. ಈಗಾಗಲೇ ಜನ ಇರುವ, ನಾಲ್ಕಾರು ವರ್ಷ ನಡೆದ ಸಮುಚ್ಚಯವನ್ನೇ ನೋಡಬೇಕು, ಅಲ್ಲಿ ಇರುವವರನ್ನೇ ಕೇಳಬೇಕು.

ಬೆಂಗಳೂರಿನ ಹೊರವಲಯವಾದರೆ ನೀರಿನ ಪ್ರಶ್ನೆ ತಪ್ಪದೆ ಕೇಳಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳೇ ಟ್ಯಾಂಕರಿಗೆ ಕಾದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಹೊರವಲಯದ 110 ಹಳ್ಳಿಗಳಿಗಾಗಿ ಚಾಲನೆಗೊಂಡಿತು. ನಿಮ್ಮ ಸಮುಚ್ಚಯದ ನಲ್ಲಿಗೆ ಆ ನೀರು ಬಂದಿದೆಯೇ, ಟ್ಯಾಂಕರಿನ ಖರ್ಚು ಯಾರ ತಲೆಗೆ ಎಂದು ತಿಳಿದುಕೊಳ್ಳಿ.

ದುಡ್ಡಿನ ಲೆಕ್ಕ

ಮನೆ ಮಾರಿದ ಹಣ ದೊಡ್ಡದಾಗಿ ಕಾಣುತ್ತದೆ. ಅದರಿಂದ ಮೊದಲು ಬಂಡವಾಳ ಲಾಭದ ತೆರಿಗೆ ಕಳೆಯಬೇಕು. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇ 12.5 ಅಥವಾ ಹೊಂದಾಣಿಕೆಯೊಡನೆ ಶೇ 20, ಇವೆರಡರಲ್ಲಿ ಕಡಿಮೆಯಾದದ್ದನ್ನು ಇಲ್ಲಿನ ನಿವಾಸಿಗಳು ಕಟ್ಟಬಹುದು. 2001ರ ಏಪ್ರಿಲ್ 1ಕ್ಕಿಂತ ಹಳೆಯ ಮನೆಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಮೂಲ ಬೆಲೆಯಾಗಿ ಹಿಡಿಯಬಹುದು. ಲಾಭವನ್ನು ಇನ್ನೊಂದು ವಾಸದ ಮನೆಗೆ ಹಾಕಿದರೆ ಅಷ್ಟರ ಮಟ್ಟಿಗೆ ವಿನಾಯಿತಿ ಇದೆ: ಹಳೆಯದನ್ನು ಮಾರುವ ಒಂದು ವರ್ಷ ಮೊದಲಿಂದ ಮಾರಿದ ಎರಡು ವರ್ಷದೊಳಗೆ ಕೊಂಡಿರಬೇಕು. ಸರ್ಕಾರ ಗೊತ್ತುಪಡಿಸಿದ ಬಾಂಡುಗಳಲ್ಲಿ ಆರು ತಿಂಗಳೊಳಗೆ 50 ಲಕ್ಷದವರೆಗೆ ಹೂಡುವ ಅವಕಾಶವೂ ಉಂಟು. ಲೀಸಿನ ಠೇವಣಿ ಮನೆ ಖರೀದಿಯಲ್ಲ. ಅದನ್ನು ನೆಚ್ಚಿ ತೆರಿಗೆ ಉಳಿಸುವ ಯೋಚನೆ ಮಾಡಬಾರದು. ಹೊಸ ಫ್ಲ್ಯಾಟು ಕೊಂಡರೆ ಮುದ್ರಾಂಕ ಶುಲ್ಕದ ಜೊತೆಗೆ, ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕವೂ ಇದೆ.

ಆಮೇಲೆ ತಿಂಗಳ ಖರ್ಚು. ಊಟ, ನಿರ್ವಹಣೆ, ನರ್ಸು, ವಿದ್ಯುತ್ತು ಸೇರಿ ದಂಪತಿಗೆ ತಿಂಗಳಿಗೆ 50,000 ರೂಪಾಯಿ ಎಂದುಕೊಳ್ಳೋಣ. ವರ್ಷಕ್ಕೆ ಶೇ 7 ಏರಿದರೆ ಹತ್ತು ವರ್ಷಕ್ಕೆ ಅದು ಹೆಚ್ಚುಕಡಿಮೆ ಒಂದು ಲಕ್ಷ. ಸಂಘದ ನಿರ್ವಹಣಾ ಶುಲ್ಕ ತಿಂಗಳಿಗೆ 7,500 ರೂಪಾಯಿ ಮೀರಿದರೆ ಶೇ 18 ಜಿಎಸ್‌ಟಿ ಬೀಳುತ್ತದೆ. ಇನ್ನೊಂದೆಡೆ, ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ 30 ಲಕ್ಷ ಇಟ್ಟರೆ ಶೇ 8.2ರ ದರದಲ್ಲಿ ತಿಂಗಳಿಗೆ ಸರಾಸರಿ 20,500 ರೂಪಾಯಿ; ಯೋಜನೆಯ ಅವಧಿ ಮುಗಿಯುವವರೆಗೆ ಅದು ಏರುವುದಿಲ್ಲ.

ಬಹಳ ಮಂದಿ ಮಾಡದ ಲೆಕ್ಕ ಇನ್ನೊಂದಿದೆ. ಹಳೆಯ ಪದ್ಧತಿಯ ಪಿಂಚಣಿ ಸಾಮಾನ್ಯವಾಗಿ ಕೊನೆಯ ವೇತನದ ಅರ್ಧ. ಕುಟುಂಬ ಪಿಂಚಣಿ ಶೇ 30. ಕೊನೆಯ ಮೂಲವೇತನ 80,000 ಇದ್ದವರ ಮೂಲ ಪಿಂಚಣಿ 40,000. ಅವರು ತೀರಿಕೊಂಡ ಮೇಲೆ, ಹೆಚ್ಚುವರಿ ದರದ ಅವಧಿ ಇದ್ದರೆ ಅದು ಮುಗಿದಾಗ, ಹೆಂಡತಿಗೆ ಬರುವುದು 24,000 ಮತ್ತು ಅದರ ತುಟ್ಟಿಭತ್ಯೆ. ಸಮುಚ್ಚಯದ ಬಿಲ್ಲು ಮಾತ್ರ ಅರ್ಧವಾಗುವುದಿಲ್ಲ. ಊಟದ ಪಾಲು ಕಡಿಮೆಯಾದರೂ ಮನೆಯ ಪಾಲು ಹಾಗೇ ಇರುತ್ತದೆ. 2011ರಲ್ಲಿ 60 ದಾಟಿದ ಪ್ರತಿ 1000 ಗಂಡಸರಿಗೆ 1033 ಹೆಂಗಸರಿದ್ದರು. ಕೊನೆಗೆ ಒಂಟಿಯಾಗಿ ಉಳಿಯುವವರು ಹೆಚ್ಚಾಗಿ ಹೆಂಗಸರು. ಆದ್ದರಿಂದ ಆದಾಯದ ಪಟ್ಟಿಯನ್ನು ಇಬ್ಬರ ಹೆಸರಿನಲ್ಲಿ ಒಮ್ಮೆ, ಹೆಂಡತಿಯೊಬ್ಬರ ಹೆಸರಿನಲ್ಲಿ ಇನ್ನೊಮ್ಮೆ ಬರೆಯಬೇಕು. ಎರಡನೆಯ ಪಟ್ಟಿ ತಾಳಿದರೆ ಮಾತ್ರ ಹೋಗಬೇಕು.

ಹೆಸರು, ಹಕ್ಕು, ಉಯಿಲು

ಇಬ್ಬರೂ ಇರುವಾಗಲೇ ಹೋಗಬೇಕು ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಕಾನೂನಿನ ಕಾರಣವೂ ಇದೆ. ಮನೆ ಗಂಡನ ಹೆಸರಿನಲ್ಲಿದ್ದು, ಉಯಿಲು ಬರೆಯದೆ ಆತ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ಆತನ ತಾಯಿ ಇದ್ದರೆ ಆಕೆ, ಎಲ್ಲರಿಗೂ ಸಮಪಾಲು. ಐವತ್ತು ವರ್ಷ ಬಾಳಿದ ಮನೆಯನ್ನು ಆಕೆ ಒಬ್ಬರೇ ಮಾರಲಾರರು. ವಿದೇಶದಲ್ಲಿರುವ ಮಗ ಅಲ್ಲಿನ ಭಾರತೀಯ ದೂತಾವಾಸದಲ್ಲೋ ನೋಟರಿಯಲ್ಲೋ ಅಧಿಕಾರಪತ್ರ ಮಾಡಿಸಿ ಕಳುಹಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಬೇಕು. ಮಕ್ಕಳಲ್ಲಿ ಒಬ್ಬರು ಮುನಿದಿದ್ದರೂ ಮಾರಾಟ ನಿಲ್ಲುತ್ತದೆ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳ ನೋಂದಣಿಗೆ ಇ-ಖಾತಾ ಬೇಕೇ ಬೇಕು. ಹಳೆಯ ಮನೆಗಳ ದಾಖಲೆಯಲ್ಲಿ ಹೆಸರಿನ ಕಾಗುಣಿತ, ಅಳತೆ, ಸೈಟಿನ ಸಂಖ್ಯೆ ತಪ್ಪಿರುವುದು ಸಾಮಾನ್ಯ. ಇದನ್ನೆಲ್ಲ ಓಡಾಡಿ ಸರಿಪಡಿಸಲು ಶಕ್ತಿ ಬೇಕು.

ಪ್ರೀತಿಯಿಂದ ದಾನಪತ್ರ ಬರೆದುಕೊಟ್ಟು ಆಮೇಲೆ ಪಡುವ ಪಾಡು ಇನ್ನೊಂದು. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೆಯ ಕಲಮು, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದಾಗ ಹಿಂಪಡೆಯಲು ಅವಕಾಶ ಕೊಡುತ್ತದೆ. ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಈ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಓದಿತು. ಆದರೂ 2022ರ ತೀರ್ಪೊಂದರಲ್ಲಿ ಷರತ್ತು ಇತ್ತೆಂದು ಸಾಬೀತಾಗಬೇಕೆಂದು ಅದೇ ನ್ಯಾಯಾಲಯ ಹೇಳಿತ್ತು. ಹಾಗಾಗಿ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಅದಕ್ಕಿಂತ ಒಳ್ಳೆಯದು, ತಮ್ಮ ಜೀವಿತಾವಧಿಯಲ್ಲಿ ಆಸ್ತಿಯನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡು ನೋಂದಾಯಿತ ಉಯಿಲು ಬರೆಯುವುದು. ಹೊಸ ಫ್ಲ್ಯಾಟನ್ನು ಗಂಡಹೆಂಡತಿ ಜಂಟಿಯಾಗಿ ಕೊಳ್ಳುವುದು ಎಲ್ಲ ರೀತಿಯಲ್ಲೂ ನ್ಯಾಯ.

ಹಾಸಿಗೆ ಹಿಡಿದ ದಿನ

ವೈದ್ಯಕೀಯ ಸೌಲಭ್ಯ ಉಂಟು ಎಂದು ಎಲ್ಲರೂ ಹೇಳುತ್ತಾರೆ. ಅದರಡಿ ಬರುವುದು ಹಲವೆಡೆ ಒಬ್ಬ ನರ್ಸು, ಒಂದು ಆಂಬುಲೆನ್ಸು, ವಾರಕ್ಕೊಮ್ಮೆ ಡಾಕ್ಟರು. ತಾವೇ ಓಡಾಡುವವರಿಗೆ ಅಷ್ಟು ಸಾಕು. ಸ್ನಾನ ಮಾಡಿಸಬೇಕಾದ, ಊಟ ಮಾಡಿಸಬೇಕಾದ, ಮರೆವಿನ ಕಾಯಿಲೆ ಬಂದು ರಾತ್ರಿ ಎದ್ದು ಹೊರಡುವ ಹಿರಿಯರಿಗೆ ಸಾಲದು. ಲಾಸಿಗೆ ಹೊಂದಿಕೊಂಡ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಇದು ಅಪರೂಪದ ಕಾಯಿಲೆಯಲ್ಲ; ವಯಸ್ಸು ಏರಿದಂತೆ ಅದರ ಸಂಭವವೂ ಏರುತ್ತದೆ.

ಆದ್ದರಿಂದ ಕರಾರಿನಲ್ಲಿ ಕೆಲವು ಪ್ರಶ್ನೆಗಳಿಗೆ ನೇರ ಉತ್ತರ ಇರಬೇಕು. ಹಾಸಿಗೆ ಹಿಡಿದರೆ ಇದೇ ಫ್ಲ್ಯಾಟಿನಲ್ಲಿ ಇರಬಹುದೇ, ಇನ್ನೊಂದು ವಿಭಾಗಕ್ಕೆ ಹೋಗಬೇಕೇ, ಅಥವಾ ಸಮುಚ್ಚಯವನ್ನೇ ಬಿಡಬೇಕೇ? ನಾವೇ ಆರೈಕೆಯವರನ್ನು ಇಟ್ಟುಕೊಳ್ಳಬಹುದೇ, ಅವರ ಊಟ, ಮಲಗುವ ಜಾಗ ಎಲ್ಲಿ? ರಾತ್ರಿ ಎರಡಕ್ಕೆ ಎದೆನೋವು ಬಂದರೆ ಹತ್ತಿರದ ಹೃದ್ರೋಗ ಆಸ್ಪತ್ರೆಗೆ ಎಷ್ಟು ನಿಮಿಷ? ಸ್ಟ್ರೆಚರ್ ಹಿಡಿಸುವ ಲಿಫ್ಟು ಇದೆಯೇ? ಸೇವೆ ಕೊಡುವ ಸಂಸ್ಥೆ ಬದಲಾದರೆ ದರ ಯಾರು ನಿಗದಿ ಮಾಡುತ್ತಾರೆ, ನಿವಾಸಿಗಳ ಸಂಘಕ್ಕೆ ಅದರಲ್ಲಿ ಮಾತಿದೆಯೇ? ಬಾಯಿಮಾತಿನ ಭರವಸೆ ಕೊಟ್ಟ ಮಾರಾಟದ ಹುಡುಗ ಮರುವರ್ಷ ಆ ಕೆಲಸದಲ್ಲೇ ಇರುವುದಿಲ್ಲ.

ಊಟದ ಪ್ರಶ್ನೆಯನ್ನೂ ಸಂಕೋಚವಿಲ್ಲದೆ ಕೇಳಬೇಕು. ಅನೇಕ ಸಮುಚ್ಚಯಗಳಲ್ಲಿ ಸಸ್ಯಾಹಾರ ಮಾತ್ರ. ಕೆಲವೆಡೆ ಸ್ವಂತ ಅಡುಗೆಮನೆಯಲ್ಲೂ ಮೀನು, ಮಾಂಸ ಬೇಯಿಸುವಂತಿಲ್ಲ. ಕರಾವಳಿಯವರಿಗೆ, ಕೊಡಗಿನವರಿಗೆ, ಹಳೆ ಮೈಸೂರಿನ ಮುದ್ದೆ–ಸಾರಿನವರಿಗೆ ಇದು ಸಣ್ಣ ಸಂಗತಿಯಲ್ಲ. ಇನ್ನು ಆರೋಗ್ಯ ವಿಮೆಯ ವಿಷಯದಲ್ಲಿ ಒಂದೆರಡು ಒಳ್ಳೆಯ ಬೆಳವಣಿಗೆಗಳಾಗಿವೆ: 2024ರಿಂದ ಹೊಸ ಪಾಲಿಸಿ ಕೊಳ್ಳಲು 65ರ ವಯೋಮಿತಿ ಇಲ್ಲ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಆದರೆ ದೀರ್ಘಕಾಲದ ಆರೈಕೆಯ ಖರ್ಚನ್ನು ನಮ್ಮ ಸಾಮಾನ್ಯ ಪಾಲಿಸಿಗಳು ಕೊಡುವುದಿಲ್ಲ. ಅದು ಕೈಯಿಂದಲೇ ಹೋಗಬೇಕು.

ಸಾಮಾನು ಮತ್ತು ಮನಸ್ಸು

ನಲವತ್ತು ವರ್ಷದ ಮನೆಯನ್ನು ಎರಡು ಕೋಣೆಗೆ ಇಳಿಸುವುದು ಮೈಗಿಂತ ಮನಸ್ಸಿಗೆ ದಣಿವು. ಅಟ್ಟದ ಮೇಲೆ ಹಿತ್ತಾಳೆ ಹಂಡೆ, ಒರಳು, ಬೀಸುವ ಕಲ್ಲು, ಮಕ್ಕಳ ತೊಟ್ಟಿಲು; ಬೀರುವಿನಲ್ಲಿ ಧಾರೆ ಸೀರೆ; ಷೋಕೇಸಿನಲ್ಲಿ ಮಗಳ ಶೀಲ್ಡು; ಕಪಾಟು ತುಂಬ ಪುಸ್ತಕ. ಒಂದು ವರ್ಷ ಮೊದಲೇ ತೊಡಗಿದರೆ ಇದು ಸಾಧ್ಯ. ಮೊದಲು ಹೊಸ ಫ್ಲ್ಯಾಟಿನ ಅಳತೆ ಕಾಗದದ ಮೇಲೆ ಬರೆದು ಮಂಚ, ಬೀರು, ದೇವರ ಮಂಟಪ ಎಲ್ಲೆಲ್ಲಿ ಎಂದು ಗುರುತಿಸಬೇಕು. ಅದರಲ್ಲಿ ಹಿಡಿಸದ್ದು ಬರುವುದಿಲ್ಲ ಎಂದು ಆಗಲೇ ತಿಳಿದುಬಿಡುತ್ತದೆ. ನೆನಪಿಲ್ಲದ ಸಾಮಾನಿನಿಂದ ತೊಡಗಿ ನೆನಪಿನ ಸಾಮಾನಿಗೆ ಕೊನೆಯಲ್ಲಿ ಬರಬೇಕು. ಮಕ್ಕಳಿಗೆ ದಿನಾಂಕ ಕೊಟ್ಟು, ಬೇಕಾದ್ದನ್ನು ಆರಿಸಿಕೊಳ್ಳಲು ಹೇಳಬೇಕು. ಅವರು ಬೇಡವೆಂದರೆ ನೊಂದುಕೊಳ್ಳಬಾರದು. ಪುಸ್ತಕವನ್ನು ಹಳ್ಳಿಯ ಶಾಲೆಗೋ ಗ್ರಂಥಾಲಯಕ್ಕೋ ಮೊದಲೇ ಕೇಳಿ ಕೊಡಬೇಕು. ಕ್ರಯಪತ್ರ, ಪಿಂಚಣಿ ಆದೇಶ, ಪಾಲಿಸಿ, ಪಾಸ್‌ಬುಕ್ಕುಗಳು ಒಂದು ಪೆಟ್ಟಿಗೆಯಲ್ಲಿ, ಅದರ ಪಟ್ಟಿ ಮಕ್ಕಳ ಕೈಯಲ್ಲಿ ಇರಬೇಕು.

ನೆಂಟರ ಮಾತು ಇನ್ನೊಂದು ಭಾರ. "ಮಕ್ಕಳಿದ್ದೂ ಆಶ್ರಮ ಸೇರಿದರಂತೆ" ಎಂಬ ಒಂದು ವಾಕ್ಯಕ್ಕೆ ಹೆದರಿ ಹತ್ತು ವರ್ಷ ಮುಂದೂಡಿದವರಿದ್ದಾರೆ. ಹಾಗೆ ಮುಂದೂಡಿ, ಬಿದ್ದು ಸೊಂಟ ಮುರಿದ ಮೇಲೆ ಮಕ್ಕಳು ಹದಿನೈದು ದಿನದ ರಜೆಯಲ್ಲಿ ಬಂದು ಅವಸರವಾಗಿ ಸೇರಿಸಿ ಹೋದರೆ, ಆಗ ಅದು ನಿಜಕ್ಕೂ ಬಿಟ್ಟುಹೋದಂತೆಯೇ. ತಾವೇ ನೋಡಿ, ಆರಿಸಿ, ಹೋದವರು ಅಲ್ಲಿ ಮನೆಯವರಾಗಿ ಬಾಳುತ್ತಾರೆ. ತಂದು ಸೇರಿಸಲ್ಪಟ್ಟವರು ರೋಗಿಗಳಾಗಿ ಇರುತ್ತಾರೆ. ಗಂಡಹೆಂಡತಿಯಲ್ಲಿ ಒಬ್ಬರಿಗೆ ಮನಸ್ಸಿಲ್ಲದಿದ್ದರೂ ಒತ್ತಾಯಿಸಬಾರದು.

ಕೈಗೆಟುಕದವರ ಮಾತು

ಈ ಎಲ್ಲ ಚರ್ಚೆ ಮಾರಲು ಮನೆಯಿರುವವರದು. ಬಾಡಿಗೆ ಮನೆಯಲ್ಲೇ ಮುದುಕರಾದ ಗಾರ್ಮೆಂಟ್ಸ್ ಕೆಲಸದವರು, ಆಟೊ ಓಡಿಸಿದವರು, ಮನೆಗೆಲಸ ಮಾಡಿದವರು ಎಲ್ಲಿಗೆ ಹೋಗಬೇಕು? 2007ರ ಕಾಯ್ದೆ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ಸ್ಥಾಪಿಸುವ ಮಾತಾಡುತ್ತದೆ. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ ಇನ್ನೂರು ರೂಪಾಯಿ, 80 ದಾಟಿದವರಿಗೆ ಐನೂರು. ಇನ್ನು ಸ್ವಂತ ಮನೆ ಇರುವವರಿಗಾದರೆ, ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಅದರಲ್ಲೇ ಇದ್ದುಕೊಂಡು ತಿಂಗಳ ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ 2007ರಿಂದ ಇದೆ. ಮಕ್ಕಳಿಗೆ ಮನೆ ಉಳಿಸಬೇಕೆಂಬ ಆಸೆಯಿಂದಲೋ, ಬ್ಯಾಂಕುಗಳ ನಿರಾಸಕ್ತಿಯಿಂದಲೋ ಅದು ಬೇರೂರಲಿಲ್ಲ. ಮನೆ ಬಿಡಲು ಇಷ್ಟವಿಲ್ಲದ, ಕೈಯಲ್ಲಿ ನಗದಿಲ್ಲದ ಹಿರಿಯರಿಗೆ ಅದು ಈಗಲೂ ಯೋಚಿಸಬೇಕಾದ ದಾರಿ. ಕಷ್ಟಕ್ಕೆ ಸಿಕ್ಕಿದವರಿಗೆ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಬೆಂಗಳೂರಿನಲ್ಲಿ ಪೊಲೀಸರು ಮತ್ತು ನೈಟಿಂಗೇಲ್ಸ್ ಸಂಸ್ಥೆ ಸೇರಿ ನಡೆಸುತ್ತ ಬಂದ ಹಿರಿಯರ ಸಹಾಯವಾಣಿ 1090 ಇದೆ.

ಒಟ್ಟಿನಲ್ಲಿ

ಹಿರಿಯರ ಸಮುಚ್ಚಯ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಲಾಗದು. ಮಕ್ಕಳು ದೂರವಿದ್ದು, ಬಡಾವಣೆಯ ಜೊತೆಗಾರರು ಚದುರಿಹೋಗಿ, ಮನೆಯ ಕೆಲಸವೇ ದಿನವನ್ನು ತಿನ್ನುತ್ತಿದ್ದರೆ, ಮತ್ತು ಒಬ್ಬರೇ ಉಳಿದಾಗಲೂ ಖರ್ಚು ತಾಳುವಂತಿದ್ದರೆ, ಅದು ಒಳ್ಳೆಯ ಆಯ್ಕೆ. ಬೀದಿಯೇ ಮನೆಯವರಂತೆ ಕಾಯುತ್ತಿದ್ದರೆ, ಮರೆವು ಆಗಲೇ ತೊಡಗಿದ್ದರೆ, ದುಡ್ಡಿನ ಲೆಕ್ಕ ಬಿಗಿಯಾಗಿದ್ದರೆ, ಇರುವ ಮನೆಯನ್ನೇ ಹಿರಿಯರಿಗೆ ತಕ್ಕಂತೆ ಮಾಡಿಕೊಳ್ಳುವುದು ಮೇಲು.

ಕರ್ನಾಟಕದ ರೇರಾ ಪ್ರಾಧಿಕಾರ ಮಹಾರಾಷ್ಟ್ರದ ದಾರಿ ಹಿಡಿದು, 2019ರ ಮಾದರಿಯನ್ನು ಕಡ್ಡಾಯ ನಿಯಮವಾಗಿಸಬೇಕು. ಸೇವೆಯ ಗುಣಮಟ್ಟಕ್ಕೂ ಠೇವಣಿಯ ರಕ್ಷಣೆಗೂ ಸರ್ಕಾರ ಪ್ರತ್ಯೇಕ ಕಾನೂನು ತರಬೇಕು. ಮಕ್ಕಳಲ್ಲಿ ಒಂದು ವಿನಂತಿ: ಅಪ್ಪ ಅಮ್ಮನ ಮನೆಯ ಬೆಲೆ ಎಷ್ಟೆಂದು ಕೇಳುವ ಮೊದಲು ಅವರಿಗೆ ಎಲ್ಲಿ ಇರಲು ಇಷ್ಟ ಎಂದು ಕೇಳಿ, ಉತ್ತರಕ್ಕೆ ತಾಳ್ಮೆಯಿಂದ ಕಾಯಿರಿ. ಅರವತ್ತೈದು ದಾಟಿದ ಓದುಗರಲ್ಲಿ ಇನ್ನೊಂದು: ಈ ವರ್ಷವೇ ಉಯಿಲು ಬರೆಯಿರಿ, ಇ-ಖಾತಾ ಮಾಡಿಸಿ, ಎರಡು ಮೂರು ಸಮುಚ್ಚಯಗಳಲ್ಲಿ ವಾರವಾದರೂ ಇದ್ದು ಬನ್ನಿ. ಹೋಗದಿರಲು ನಿರ್ಧರಿಸಿದರೂ ಆ ನಿರ್ಧಾರ ನೋಡಿ, ತಿಳಿದು ಮಾಡಿದ್ದಾಗಿರುತ್ತದೆ.